ಭಂಗಿ ಯಾರ ಸ್ವತ್ತೂ ಅಲ್ಲ, ಆದರೆ ಫೋಟೊ?

2022ರಲ್ಲಿ ಲಕ್ಸೆಂಬರ್ಗ್ ದೇಶದ ಸ್ಟ್ರಾಸೆನ್ ಎಂಬ ಊರಿನ ಕಲಾ ಬಿನಾಲೆಯಲ್ಲಿ (ಎರಡು ವರ್ಷಕ್ಕೊಮ್ಮೆ ನಡೆಯುವ ಪ್ರದರ್ಶನ) ಒಂದು ವರ್ಣಚಿತ್ರಕ್ಕೆ 1,500 ಯೂರೋ ಬಹುಮಾನ ಬಂತು. ಚಿತ್ರದ ಹೆಸರು ‘ಟುರಾಂಡೋಟ್’. ಬಿಡಿಸಿದವರು ಅಲ್ಲಿಯದೇ ಒಬ್ಬ ಯುವ ಕಲಾವಿದ. ಈ ಚಿತ್ರದ ಪಕ್ಕದಲ್ಲಿ ಜಿಂಗ್ನಾ ಜಾಂಗ್ ಎಂಬ ಫ್ಯಾಷನ್ ಛಾಯಾಗ್ರಾಹಕಿ 2017ರಲ್ಲಿ ‘ಹಾರ್ಪರ್ಸ್ ಬಜಾರ್’ ಪತ್ರಿಕೆಯ ವಿಯೆಟ್ನಾಂ ಆವೃತ್ತಿಗಾಗಿ ತೆಗೆದ ಒಂದು ಫೋಟೊ ಇಟ್ಟು ನೋಡಿದರೆ ಯಾರಾದರೂ ಒಂದು ಕ್ಷಣ ಸುಮ್ಮನಾಗಬೇಕು. ಅದೇ ಮೈಯ ಭಂಗಿ, ಅದೇ ಕತ್ತಿನ ತಿರುವು, ಚೌಕಟ್ಟಿನೊಳಗೆ ಆ ಹೆಣ್ಣಿಗೆ ಕೊಟ್ಟ ಅದೇ ಜಾಗ. ಎಡ-ಬಲ ಮಾತ್ರ ಅದಲು ಬದಲಾಗಿತ್ತು, ಕನ್ನಡಿಯಲ್ಲಿ ಕಂಡಂತೆ. ಫೋಟೊದಲ್ಲಿದ್ದವರು ಕೊರಿಯಾದ ಮಾಡೆಲ್ ಪಾರ್ಕ್ ಜಿ ಹೈ.

ಜಾಂಗ್ ಇದನ್ನು ಬಹಿರಂಗವಾಗಿ ಪ್ರಶ್ನಿಸಿದರು, ಆಮೇಲೆ ಕೋರ್ಟಿಗೆ ಹೋದರು. 2022ರ ಡಿಸೆಂಬರಿನಲ್ಲಿ ಸೋತರು. 2024ರ ಮೇ ತಿಂಗಳಲ್ಲಿ ಮೇಲ್ಮನವಿಯಲ್ಲಿ ಗೆದ್ದರು. ಸುದ್ದಿಯ ಮಟ್ಟಿಗೆ ಕಥೆ ಇಷ್ಟೇ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಸೋಲು. ‘ಈ ಫೋಟೊದಲ್ಲಿ ಕಾಪಿರೈಟ್ ಕೊಡುವಷ್ಟು ಸ್ವಂತಿಕೆ ಇಲ್ಲ’ ಎಂಬರ್ಥದ ಮಾತನ್ನು ಒಂದು ಕೋರ್ಟು ಹೇಳಿತ್ತು. ಫ್ಯಾಷನ್ ಶೂಟ್‌ಗಳನ್ನು ಪ್ರೀತಿಯಿಂದ ನೋಡುವ ಯಾರಿಗಾದರೂ ಈ ಮಾತು ಚುಚ್ಚುತ್ತದೆ. ಹಾಗಾದರೆ ಅಷ್ಟು ಜನ ಸೇರಿ ಅಷ್ಟು ಹೊತ್ತು ಮಾಡಿದ್ದಾದರೂ ಏನು?

ಮೊದಲು ಜಾಂಗ್ ಬಗ್ಗೆ ಸ್ವಲ್ಪ. 1988ರಲ್ಲಿ ಬೀಜಿಂಗ್‌ನಲ್ಲಿ ಹುಟ್ಟಿ, ಸಿಂಗಪುರದಲ್ಲಿ ಬೆಳೆದವರು. ಏರ್ ರೈಫಲ್ ಶೂಟಿಂಗ್‌ನಲ್ಲಿ ಸಿಂಗಪುರ ತಂಡದಲ್ಲಿದ್ದು, 2006ರ ಮೆಲ್ಬರ್ನ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಕಂಚಿನ ಪದಕ ಪಡೆದವರು. ಕ್ಯಾಮೆರಾ ಕೈಗೆ ಬಂದದ್ದು ಹದಿನೆಂಟರ ವಯಸ್ಸಿನಲ್ಲಿ. ಪತ್ರಿಕೆಗಳಿಗೆ, ಬ್ರ್ಯಾಂಡ್‌ಗಳಿಗೆ ಶೂಟ್ ಮಾಡುತ್ತಲೇ ‘ಮದರ್‌ಲ್ಯಾಂಡ್ ಕ್ರಾನಿಕಲ್ಸ್’ ಎಂಬ ಸ್ವಂತ ಸರಣಿಯನ್ನೂ ಮಾಡಿದರು. ಜಪಾನಿನ ಆನಿಮೆ, 19ನೇ ಶತಮಾನದ ಇಂಗ್ಲೆಂಡಿನ ಪ್ರಿ-ರಾಫೆಲೈಟ್ ಚಿತ್ರಕಾರರು, ಇವೆರಡೂ ತನ್ನ ಮೇಲೆ ಪ್ರಭಾವ ಬೀರಿವೆ ಎಂದು ಅವರೇ ಹೇಳಿಕೊಂಡಿದ್ದಾರೆ. ಅವರ ಫೋಟೊಗಳನ್ನು ನೋಡಿದರೆ ಅದು ಕಾಣುತ್ತದೆ ಕೂಡ. ಮೆತ್ತನೆಯ ಬೆಳಕು, ಹೂವು, ಉದ್ದ ಕೂದಲು, ಎಲ್ಲೋ ನೆಟ್ಟ ನೋಟ. ಫೋಟೊಗಿಂತ ಪೇಂಟಿಂಗ್ ಎನ್ನಿಸುವ ಬಣ್ಣ.

ಈ ಕೊನೆಯ ವಿಷಯವೇ ಪ್ರಕರಣದ ಗಂಟು. ಪೇಂಟಿಂಗ್‌ಗಳಿಂದ ಕಲಿತ ಒಬ್ಬ ಛಾಯಾಗ್ರಾಹಕಿ, ತನ್ನ ಫೋಟೊದಿಂದ ಪೇಂಟಿಂಗ್ ಮಾಡಿದವನ ಮೇಲೆ ಕೇಸು ಹಾಕಿದರು. ಇದು ಸರಿಯಾ ಎಂಬ ಪ್ರಶ್ನೆ ಸುಲಭವಾಗಿ ಏಳುತ್ತದೆ. ಅದಕ್ಕೆ ಮುಂದೆ ಬರುತ್ತೇನೆ.

ಮೊದಲ ಕೋರ್ಟು ಎಲ್ಲಿ ನಿಂತಿತು

ಲಕ್ಸೆಂಬರ್ಗ್‌ನ ಜಿಲ್ಲಾ ನ್ಯಾಯಾಲಯದ ಮುಂದೆ ಪ್ರಶ್ನೆ ಎರಡು ಹಂತದ್ದು. ಈ ಫೋಟೊಗೆ ಕಾಪಿರೈಟ್ ಇದೆಯೇ? ಇದ್ದರೆ, ಆ ಚಿತ್ರ ಅದನ್ನು ಉಲ್ಲಂಘಿಸಿದೆಯೇ? ವಿಚಾರ ಮೊದಲ ಹಂತದಲ್ಲೇ ಮುಗಿದುಹೋಯಿತು. ಮಾಡೆಲ್‌ನ ಭಂಗಿ ಹೊಸದೇನಲ್ಲ, ಹಾಗಾಗಿ ಫೋಟೊದಲ್ಲಿ ಸ್ವಂತಿಕೆ ಸಾಲದು ಎನ್ನುವ ಕಡೆಗೆ ಕೋರ್ಟು ವಾಲಿತು.

ಭಂಗಿ ಹೊಸದಲ್ಲ ಎನ್ನುವುದು ನಿಜವೇ. ಮೈ ಒಂದು ಕಡೆ, ಮುಖ ಇನ್ನೊಂದು ಕಡೆ ತಿರುಗಿದ ಹೆಣ್ಣನ್ನು ಚಿತ್ರಕಾರರು ಶತಮಾನಗಳಿಂದ ಬಿಡಿಸುತ್ತಿದ್ದಾರೆ. ಮನುಷ್ಯನ ಕತ್ತು, ಭುಜ, ಸೊಂಟ ತಿರುಗುವುದಕ್ಕೆ ಮಿತಿ ಇದೆ. ಈ ಮಿತಿಯೊಳಗೆ ಯಾರೂ ಇದುವರೆಗೆ ನಿಲ್ಲದ ಭಂಗಿಯನ್ನು ಹುಡುಕಲು ಹೊರಟರೆ ಸಿಗುವುದು ಕಸರತ್ತು. ಫ್ಯಾಷನ್ ಫೋಟೊಗೆ ಅದು ಬೇಕಾಗಿಯೂ ಇಲ್ಲ. ಬಟ್ಟೆ ಬೀಳುವ ರೀತಿ, ಕತ್ತಿನ ಗೆರೆ ಕಾಣುವ ರೀತಿ ಚೆನ್ನಾಗಿರಬೇಕು, ಅಷ್ಟೇ.

ಭಂಗಿ ಹಳೆಯದು ಎಂದ ಮೇಲೆ ಉಳಿದ ಪ್ರಶ್ನೆಗಳನ್ನು ಕೇಳದೆ ಬಿಟ್ಟಿದ್ದು ನನ್ನ ಪ್ರಕಾರ ತಪ್ಪು. ಏಕೆಂದರೆ ಭಂಗಿ ಫೋಟೊದ ಒಂದು ಭಾಗ ಮಾತ್ರ. ಒಂದು ಶೂಟ್‌ನಲ್ಲಿ ಏನೇನು ನಿರ್ಧಾರವಾಗುತ್ತದೆ ಅಂತ ಹತ್ತಿರದಿಂದ ನೋಡಿದರೆ ಇದು ಅರ್ಥವಾಗುತ್ತದೆ.

ಬೆಳಕನ್ನೇ ತೆಗೆದುಕೊಳ್ಳಿ. ಅದೇ ಮುಖ, ಅದೇ ಭಂಗಿ. ದೊಡ್ಡ ಸಾಫ್ಟ್‌ಬಾಕ್ಸ್ ಅನ್ನು, ಅಂದರೆ ಬಿಳಿ ಬಟ್ಟೆಯ ಹಿಂದೆ ದೀಪವಿರುವ ಪೆಟ್ಟಿಗೆಯನ್ನು, ಮುಖದ ಹತ್ತಿರ ತಂದರೆ ನೆರಳಿನ ಅಂಚು ಕರಗುತ್ತದೆ, ಚರ್ಮ ಮೃದುವಾಗಿ ಕಾಣುತ್ತದೆ. ಅದನ್ನೇ ದೂರ ಒಯ್ದರೆ ಮುಖಕ್ಕೆ ಅದು ಚಿಕ್ಕ ದೀಪವಾಗುತ್ತದೆ, ನೆರಳು ಗಟ್ಟಿಯಾಗುತ್ತದೆ. ದೂರ ಎರಡು ಪಟ್ಟಾದರೆ ಮೇಲೆ ಬೀಳುವ ಬೆಳಕು ಸುಮಾರು ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಇದರಿಂದಲೇ ಇನ್ನೊಂದು ಆಯ್ಕೆ ಹುಟ್ಟುತ್ತದೆ. ದೀಪ ಹತ್ತಿರವಿದ್ದಾಗ ಮುಖಕ್ಕೆ ಬಿದ್ದಷ್ಟು ಬೆಳಕು ಹಿಂದಿನ ಗೋಡೆಗೆ ಬೀಳುವುದಿಲ್ಲ. ಗೋಡೆ ತಾನಾಗಿ ಕಪ್ಪಾಗುತ್ತದೆ. ದೀಪ ದೂರ ಹೋದಂತೆ ಮುಖ ಮತ್ತು ಗೋಡೆಯ ನಡುವಿನ ವ್ಯತ್ಯಾಸ ಕಡಿಮೆಯಾಗುತ್ತದೆ. ಹಿನ್ನೆಲೆ ಎಷ್ಟು ಕಪ್ಪಿರಬೇಕು ಎನ್ನುವುದನ್ನು ಗೋಡೆಯ ಬಣ್ಣ ಬದಲಿಸದೆಯೇ ತೀರ್ಮಾನಿಸಬಹುದು. ಇನ್ನು ದೀಪವನ್ನು ಪಕ್ಕಕ್ಕೆ ಸರಿಸಿದರೆ ಬಟ್ಟೆಯ ನೇಯ್ಗೆ ಎದ್ದು ಕಾಣುತ್ತದೆ, ಎದುರಿಗೆ ತಂದರೆ ಅದು ಮಾಯ.

ಆಮೇಲೆ ದೂರ. ಕ್ಯಾಮೆರಾ ತೀರಾ ಹತ್ತಿರ ಬಂದರೆ ಮೂಗು ದೊಡ್ಡದಾಗುತ್ತದೆ, ಕಿವಿ ಹಿಂದೆ ಸರಿಯುತ್ತದೆ. ದೂರ ನಿಂತು 85 ಅಥವಾ 135 ಮಿ.ಮೀ. ಲೆನ್ಸ್ ಹಾಕಿದರೆ ಮುಖದ ಭಾಗಗಳು ಹದವಾಗಿ ಕೂರುತ್ತವೆ. ಕ್ಯಾಮೆರಾ ಕಣ್ಣಿನ ಮಟ್ಟದಲ್ಲಿ ಇರಬೇಕೋ, ಒಂದಿಷ್ಟು ಕೆಳಗೋ? ಕೆಳಗಿದ್ದರೆ ಕತ್ತು ಉದ್ದ ಕಾಣುತ್ತದೆ, ಗತ್ತು ಬರುತ್ತದೆ. ಮಾಡೆಲ್ ತಲೆಯನ್ನು ಸ್ವಲ್ಪವೇ ಜಾಸ್ತಿ ತಿರುಗಿಸಿದರೆ ಕತ್ತಿನಲ್ಲಿ ಮಡಿಕೆ ಬೀಳುತ್ತದೆ, ಕಣ್ಣಿನ ಬಿಳಿ ಹೆಚ್ಚು ಕಾಣುತ್ತದೆ. ಉಸಿರು ಬಿಟ್ಟ ಕ್ಷಣದಲ್ಲಿ ಭುಜ ಇಳಿಯುತ್ತದೆ, ಹಿಡಿದ ಕ್ಷಣದಲ್ಲಿ ಬಿಗಿಯುತ್ತದೆ. ಇವೆರಡರ ನಡುವೆ ಯಾವಾಗ ಬಟನ್ ಒತ್ತಬೇಕು?

ಇಷ್ಟಾದ ಮೇಲೆ ನೂರಾರು ಫ್ರೇಮ್‌ಗಳಿಂದ ಒಂದನ್ನು ಆರಿಸುವ ಕೆಲಸ. ನನಗೆ ಶೂಟ್‌ನ ಅತ್ಯಂತ ಸ್ವಂತ ಭಾಗ ಇದೇ ಅನ್ನಿಸುತ್ತದೆ. ಅದೇ ಬೆಳಕು, ಅದೇ ಬಟ್ಟೆ, ಅದೇ ಮಾಡೆಲ್. ಇಬ್ಬರು ಛಾಯಾಗ್ರಾಹಕರಿಗೆ ಆರಿಸಲು ಕೊಟ್ಟರೆ ಇಬ್ಬರೂ ಬೇರೆ ಬೇರೆ ಫ್ರೇಮ್ ಎತ್ತುತ್ತಾರೆ. ಕೊನೆಗೆ ರೀಟಚಿಂಗ್, ಬಣ್ಣ, ಕ್ರಾಪ್.

ಇದರಲ್ಲಿ ಯಾವ ಒಂದು ಆಯ್ಕೆಯನ್ನು ಬೇರೆ ಮಾಡಿ ಹಿಡಿದರೂ ಅದು ಹೊಸದಲ್ಲ. ಸಾಫ್ಟ್‌ಬಾಕ್ಸ್ ಹೊಸದಲ್ಲ, 85 ಮಿ.ಮೀ. ಹೊಸದಲ್ಲ, ಭುಜದ ಮೇಲಿಂದ ನೋಡುವುದು ಹೊಸದಲ್ಲ. ಎಲ್ಲ ಒಟ್ಟಾಗಿ ಒಂದೇ ಚಿತ್ರದಲ್ಲಿ ಕೂತಾಗ ಮಾತ್ರ ಅದು ಒಬ್ಬರದಾಗುತ್ತದೆ. ಸಂಗೀತದ ಸ್ವರಗಳು ಏಳೇ ಆದರೂ ಹೊಸ ಹಾಡು ಹುಟ್ಟುತ್ತಲೇ ಇರುತ್ತದೆ, ಅಲ್ವಾ?

ಹಳೆಯ ಎರಡು ತೀರ್ಪುಗಳು

ಇದು ನನ್ನ ಭಾವುಕತೆಯಷ್ಟೇ ಅಲ್ಲ. ಯುರೋಪಿಯನ್ ಒಕ್ಕೂಟದ ನ್ಯಾಯಾಲಯ 2011ರಲ್ಲೇ ಇದನ್ನು ಹೆಚ್ಚುಕಡಿಮೆ ಹೀಗೇ ಹೇಳಿತ್ತು. ಆಸ್ಟ್ರಿಯಾದಲ್ಲಿ ಪುಟ್ಟ ಮಕ್ಕಳ ಫೋಟೊ ತೆಗೆಯುತ್ತಿದ್ದ ಪೈನರ್ ಎಂಬ ಛಾಯಾಗ್ರಾಹಕಿಯ ಪ್ರಕರಣವದು. ಅವರು ತೆಗೆದಿದ್ದ ಒಬ್ಬ ಹುಡುಗಿಯ ಫೋಟೊಗಳು, ಆಕೆಯ ಅಪಹರಣದ ಸುದ್ದಿಯ ಜೊತೆ ಪತ್ರಿಕೆಗಳಲ್ಲಿ ಅವರನ್ನು ಕೇಳದೆ ಅಚ್ಚಾದವು. ಮಗುವನ್ನು ಕೂರಿಸಿ ತೆಗೆದ ಸಾದಾ ಫೋಟೊದಲ್ಲಿ ಏನು ಮಹಾ ಸೃಜನಶೀಲತೆ ಎಂಬ ಪ್ರಶ್ನೆ ಅಲ್ಲೂ ಇತ್ತು. ನ್ಯಾಯಾಲಯದ ಉತ್ತರ ಮೂರು ಹಂತಗಳನ್ನು ಗುರುತಿಸಿತು. ತೆಗೆಯುವ ಮೊದಲು ಹಿನ್ನೆಲೆ, ಭಂಗಿ, ಬೆಳಕು. ತೆಗೆಯುವಾಗ ಚೌಕಟ್ಟು, ಕೋನ, ವಾತಾವರಣ. ತೆಗೆದ ಮೇಲೆ ಸಂಸ್ಕರಣೆ, ಸಾಫ್ಟ್‌ವೇರ್. ಈ ಹಂತಗಳಲ್ಲಿ ತನ್ನಿಷ್ಟದಂತೆ ಆಯ್ಕೆ ಮಾಡುತ್ತ ಛಾಯಾಗ್ರಾಹಕ ಫೋಟೊ ಮೇಲೆ ತನ್ನ ಗುರುತು ಬಿಡಬಹುದು, ಹಾಗಿದ್ದರೆ ಅದಕ್ಕೆ ಸಿಗುವ ರಕ್ಷಣೆ ಬೇರೆ ಕೃತಿಗಳಿಗೆ ಸಿಗುವುದಕ್ಕಿಂತ ಕಡಿಮೆಯದಲ್ಲ ಎಂದಿತು.

ಇನ್ನೂ ಹಿಂದಕ್ಕೆ ಹೋದರೆ 1884ರ ಅಮೆರಿಕ. ನೆಪೋಲಿಯನ್ ಸರೋನಿ ಎಂಬ ನ್ಯೂಯಾರ್ಕ್ ಛಾಯಾಗ್ರಾಹಕ 1882ರಲ್ಲಿ ಲೇಖಕ ಆಸ್ಕರ್ ವೈಲ್ಡ್ ಅವರ ಫೋಟೊ ತೆಗೆದಿದ್ದ. ಒಂದು ಮುದ್ರಣ ಕಂಪನಿ ಅದರ 85,000 ಪ್ರತಿಗಳನ್ನು ಅನುಮತಿ ಇಲ್ಲದೆ ಅಚ್ಚು ಹಾಕಿತು. ಫೋಟೊ ಅಂದರೆ ಯಂತ್ರದ ಕೆಲಸ, ಅದಕ್ಕೆ ಕರ್ತೃ ಎಲ್ಲಿಂದ ಬಂದ ಎಂಬುದು ಕಂಪನಿಯ ವಾದ. ಅಲ್ಲಿನ ಸುಪ್ರೀಂ ಕೋರ್ಟು ಒಪ್ಪಲಿಲ್ಲ. ವೈಲ್ಡ್ ಅವರನ್ನು ಕೂರಿಸಿದ ಬಗೆ, ಉಡುಪು, ಹಿಂದಿನ ಪರದೆ, ಬೆಳಕು-ನೆರಳಿನ ಜೋಡಣೆ, ಮುಖಕ್ಕೆ ತರಿಸಿದ ಭಾವ, ಇವೆಲ್ಲ ಸರೋನಿಯ ಮನಸ್ಸಿನಿಂದ ಬಂದವು ಎಂದಿತು. ಓದಿದರೆ ಇಂದಿನ ಫ್ಯಾಷನ್ ಶೂಟ್‌ನ ವಿವರಣೆಯಂತೆಯೇ ಇದೆ. ಸ್ಟೈಲಿಂಗ್, ಸೆಟ್, ಲೈಟಿಂಗ್, ಮಾಡೆಲ್‌ಗೆ ಕೊಡುವ ಸೂಚನೆ.

ಇಷ್ಟೆಲ್ಲ ಆಗಿಹೋದ ಮೇಲೂ 2022ರಲ್ಲಿ ಜಾಂಗ್ ತಮ್ಮ ಫೋಟೊ ತಮ್ಮದು ಎಂದು ಮತ್ತೆ ಸಾಬೀತು ಮಾಡಬೇಕಾಯಿತು. ಫೋಟೊ ಬಗೆಗಿನ ಹಳೆಯ ತಾತ್ಸಾರ ಎಷ್ಟು ಆಳದಲ್ಲಿದೆ ನೋಡಿ. ಪೇಂಟಿಂಗ್ ಎಂದರೆ ಕಲೆ, ಫೋಟೊ ಎಂದರೆ ಕಚ್ಚಾ ಸಾಮಗ್ರಿ ಎಂಬ ಭಾವನೆ ಕಲಾಲೋಕದ ಒಳಗೇ ಇದೆ. ಫ್ಯಾಷನ್ ಫೋಟೊ ಅಂದರಂತೂ ಇನ್ನೂ ಒಂದು ಮೆಟ್ಟಿಲು ಕೆಳಗೆ.

2024ರ ಮೇಲ್ಮನವಿ ತೀರ್ಪು ಇದನ್ನು ತಿರುಗಿಸಿತು. ಜಾಂಗ್ ಅವರ ಫೋಟೊ ಸ್ವಂತ ಕೃತಿ, ಚಿತ್ರಕಾರ ಆ ಹಕ್ಕನ್ನು ಮೀರಿದ್ದಾರೆ ಎಂದು ಒಪ್ಪಿಕೊಂಡಿತು. ತೀರ್ಪಿನ ನಂತರ ಜಾಂಗ್ ಎರಡು ಅಂಶಗಳನ್ನು ಒತ್ತಿ ಹೇಳಿದರು. ಮಾಧ್ಯಮ ಬದಲಾದ ಮಾತ್ರಕ್ಕೆ, ಅಂದರೆ ಫೋಟೊ ಪೇಂಟಿಂಗ್ ಆದ ಮಾತ್ರಕ್ಕೆ, ಅನುಮತಿ ಬೇಡವಾಗುವುದಿಲ್ಲ. ಆನ್‌ಲೈನ್‌ನಲ್ಲಿ ಸಿಗುತ್ತದೆ ಎಂದ ಮಾತ್ರಕ್ಕೆ ಅದು ಎಲ್ಲರದೂ ಅಲ್ಲ. ಎರಡನೆಯದು ಎಲ್ಲರಿಗೂ ಗೊತ್ತಿರುವಂತೆ ಕಾಣುತ್ತದೆ. ಆದರೂ ದಿನವೂ ಮುರಿಯುವ ನಿಯಮ ಅದು.

ಅವರೂ ತೆಗೆದುಕೊಂಡಿದ್ದಾರಲ್ಲ?

ಈಗ ಗಂಟಿಗೆ ಬರೋಣ. ಜಾಂಗ್ ಪ್ರಿ-ರಾಫೆಲೈಟ್‌ಗಳಿಂದ ಪಡೆದದ್ದು ಸರಿ, ಇವರ ಫೋಟೊದಿಂದ ಇನ್ನೊಬ್ಬರು ಪಡೆದದ್ದು ತಪ್ಪು ಎನ್ನುವುದು ಹೇಗೆ?

ಪ್ರಿ-ರಾಫೆಲೈಟ್ ಚಿತ್ರಕಾರರೇ ಇದಕ್ಕೆ ಒಳ್ಳೆಯ ಉದಾಹರಣೆ ಕೊಡುತ್ತಾರೆ. ಜಾನ್ ಎವೆರೆಟ್ ಮಿಲೈ 1851-52ರಲ್ಲಿ ಬಿಡಿಸಿದ ‘ಒಫೀಲಿಯಾ’ ಚಿತ್ರದಲ್ಲಿ ಶೇಕ್ಸ್‌ಪಿಯರ್‌ನ ‘ಹ್ಯಾಮ್ಲೆಟ್’ ನಾಟಕದ ಆ ಹೆಸರಿನ ಹೆಣ್ಣು ತೊರೆಯ ನೀರಿನಲ್ಲಿ ತೇಲುತ್ತಿದ್ದಾಳೆ. ಮಿಲೈ ಮೊದಲು ಹೊಳೆಯ ದಂಡೆಯಲ್ಲಿ ಕೂತು ತಿಂಗಳುಗಟ್ಟಲೆ ಗಿಡ-ಹೂಗಳನ್ನು ಬಿಡಿಸಿದ. ಆಮೇಲೆ ಎಲಿಜಬೆತ್ ಸಿಡಲ್ ಎಂಬ ಮಾಡೆಲ್‌ಗೆ ಹಳೆಯ ಕಸೂತಿ ಉಡುಪು ತೊಡಿಸಿ, ನೀರು ತುಂಬಿದ ಟಬ್‌ನಲ್ಲಿ ಮಲಗಿಸಿದ. ನೀರು ಬೆಚ್ಚಗಿರಲಿ ಎಂದು ಕೆಳಗೆ ದೀಪ ಇಟ್ಟಿದ್ದ. ದೀಪ ಆರಿ, ಪಾಪ, ಆಕೆಗೆ ಜೋರು ಶೀತವಾಯಿತು. ಇದೊಂದು ಪೂರ್ತಿ ಶೂಟ್ ಅಲ್ಲವೇ? ಲೊಕೇಶನ್, ಉಡುಪು, ಮಾಡೆಲ್, ಸೆಟ್. ನಾಟಕದ ಪಾತ್ರ ಅವನದಲ್ಲ, ಆದರೆ ನೋಡುವ ಪ್ರತಿಯೊಂದನ್ನೂ ಅವನು ಹೊಸದಾಗಿ ಕಟ್ಟಿದ.

ಆ ಪರಂಪರೆಯಿಂದ ಜಾಂಗ್ ಪಡೆದದ್ದು ನೋಡುವ ಒಂದು ಬಗೆ. ಹೂವಿನ ಜೊತೆ ಮುಖವನ್ನು ಇಡುವುದು, ಮೌನದ ಭಾವ, ಬಣ್ಣದ ಹದ. ಆ ಬಗೆಯನ್ನು ಹಿಡಿದು ಅವರು ಬೇರೆ ಜನರೊಂದಿಗೆ, ಬೇರೆ ಬೆಳಕಿನಲ್ಲಿ, ಬೇರೆ ಚಿತ್ರ ಕಟ್ಟುತ್ತಾರೆ. ಪ್ರತಿ ಆಯ್ಕೆಯನ್ನೂ ಮತ್ತೆ ಮಾಡಬೇಕು. ಅದರಲ್ಲಿ ಸೋಲುವ ಸಾಧ್ಯತೆ ಇದ್ದೇ ಇರುತ್ತದೆ. ಮುಗಿದ ಫೋಟೊದ ಮೇಲೆ ಕೆಲಸ ಮಾಡುವವರಿಗೆ ಆ ಅಪಾಯ ಇಲ್ಲ. ಕತ್ತು ಎಷ್ಟು ತಿರುಗಬೇಕು, ನೆರಳು ಎಲ್ಲಿ ಬೀಳಬೇಕು, ಅಂಚಿನಲ್ಲಿ ಎಷ್ಟು ಜಾಗ ಬಿಡಬೇಕು, ಎಲ್ಲ ಆಗಲೇ ಬೇರೆಯವರು ತೀರ್ಮಾನಿಸಿಬಿಟ್ಟಿದ್ದಾರೆ. ಕುಂಚದ ಕೈಚಳಕ ಅವರದೇ, ಅದು ಸಣ್ಣದಲ್ಲ. ಚಿತ್ರದ ಅಡಿಪಾಯ ಮಾತ್ರ ಅವರದಲ್ಲ.

ಮೂಡ್‌ಬೋರ್ಡ್, ಅಂದರೆ ಶೂಟ್ ಹೇಗಿರಬೇಕು ಎಂದು ತೋರಿಸಲು ಒಟ್ಟುಗೂಡಿಸಿದ ಚಿತ್ರಗಳ ಹಲಗೆ, ಇಟ್ಟುಕೊಂಡು ಕೆಲಸ ಮಾಡುವ ಎಲ್ಲರಿಗೂ ಇದು ಅನ್ವಯಿಸುತ್ತದೆ, ಛಾಯಾಗ್ರಾಹಕರಿಗೂ ಕೂಡ. ಈಗ ಯಾವ ಶೂಟ್ ಆದರೂ ಮೂಡ್‌ಬೋರ್ಡ್‌ನಿಂದಲೇ ಶುರು. ಅದರಲ್ಲಿ ತಪ್ಪೇನಿಲ್ಲ. ಸ್ಟೈಲಿಸ್ಟ್‌ಗೆ, ಮೇಕಪ್ ಮಾಡುವವರಿಗೆ ಮನಸ್ಸಿನಲ್ಲಿರುವುದನ್ನು ಬೇಗ ತಲುಪಿಸುವ ದಾರಿ ಅದು. ನಾನು ನಂಬಿರುವ ಪರೀಕ್ಷೆ ಒಂದೇ. ಶೂಟ್ ಶುರುವಾದ ಮೇಲೆ ಬೋರ್ಡನ್ನು ಮುಚ್ಚಿಟ್ಟರೆ ಚಿತ್ರ ಮುಂದುವರಿಯುತ್ತದೆಯೇ? ಮುಂದುವರಿದರೆ ಅದು ಪ್ರೇರಣೆ. ಪ್ರತಿ ಫ್ರೇಮಿಗೂ ಬೋರ್ಡಿನ ಅದೇ ಒಂದು ಚಿತ್ರಕ್ಕೆ ಹೋಲಿಸಿ, ‘ಕೈ ಇನ್ನೂ ಸ್ವಲ್ಪ ಮೇಲೆ’ ಎಂದು ಸರಿಪಡಿಸುತ್ತಿದ್ದರೆ ಅದು ನಕಲು. ಬೋರ್ಡಿನ ಮೇಲೆ ಒಬ್ಬರದೇ ನಾಲ್ಕು ಫೋಟೊ ಇದ್ದರೆ ಅಲ್ಲೇ ಎಚ್ಚರವಾಗುವುದು ಒಳ್ಳೆಯದು.

ಈ ಗೆರೆಯ ಆಚೆ ಬದಿಯೂ ನೋಡಬೇಕು, ಇಲ್ಲದಿದ್ದರೆ ಮಾತು ಒಂದು ಕಡೆ ವಾಲುತ್ತದೆ. ಜಾಕೋಬಸ್ ರೆಂಟ್‌ಮೀಸ್ಟರ್ ಎಂಬ ಛಾಯಾಗ್ರಾಹಕ 1984ರಲ್ಲಿ ‘ಲೈಫ್’ ಪತ್ರಿಕೆಗಾಗಿ ಬ್ಯಾಸ್ಕೆಟ್‌ಬಾಲ್ ಆಟಗಾರ ಮೈಕೆಲ್ ಜೋರ್ಡನ್ ಅವರನ್ನು ಬ್ಯಾಲೆ ನರ್ತಕರಂತೆ ಕಾಲು ಚಾಚಿ ಹಾರಿಸಿ ಫೋಟೊ ತೆಗೆದರು. ಆಮೇಲೆ ನೈಕಿ ಕಂಪನಿ ಜೋರ್ಡನ್ ಅವರನ್ನೇ ಇಟ್ಟುಕೊಂಡು, ಶಿಕಾಗೊ ನಗರದ ಹಿನ್ನೆಲೆಯಲ್ಲಿ ಅಂಥದ್ದೇ ಹಾರುವ ಫೋಟೊ ತೆಗೆಸಿತು. ಅದರಿಂದಲೇ ಆ ಕಂಪನಿಯ ಪ್ರಸಿದ್ಧ ಜೋರ್ಡನ್ ಲೋಗೊ ಬಂತು. ರೆಂಟ್‌ಮೀಸ್ಟರ್ ಕೇಸು ಹಾಕಿದರು, 2018ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯದಲ್ಲಿ ಸೋತರು. ಅವರ ಫೋಟೊದ ಸ್ವಂತಿಕೆಯನ್ನು ಕೋರ್ಟು ಗೌರವದಿಂದಲೇ ಒಪ್ಪಿತು. ಆದರೆ ಭಂಗಿಯ ಕಲ್ಪನೆ ಒಬ್ಬರ ಸ್ವತ್ತಾಗಲಾರದು, ನೈಕಿಯ ಫೋಟೊದಲ್ಲಿ ಕೈಕಾಲುಗಳ ಸ್ಥಾನ, ಹಿನ್ನೆಲೆ, ಬೆಳಕು, ಚೌಕಟ್ಟು ಬೇರೆ ಇವೆ ಎಂದಿತು.

ರೆಂಟ್‌ಮೀಸ್ಟರ್ ಬಗ್ಗೆ ನನಗೆ ನೋವಿದೆ. ಜೋರ್ಡನ್ ಅವರನ್ನು ಅಂಗಳದಿಂದ ಆಚೆ ಬಯಲಿಗೆ ತಂದು ನರ್ತಕನಂತೆ ಹಾರಿಸುವ ಯೋಚನೆ ಅವರದೇ. ಆದರೂ ತೀರ್ಪು ತಪ್ಪು ಎನ್ನಲಾರೆ. ಭಂಗಿಗೇ ಬೇಲಿ ಹಾಕಿದರೆ ನಾಳೆ ಯಾರೂ ಶೂಟ್ ಮಾಡುವಂತಿಲ್ಲ. ಎರಡೂ ಪ್ರಕರಣಗಳನ್ನು ಒಟ್ಟಿಗೆ ಓದಿದಾಗ ಲಕ್ಸೆಂಬರ್ಗ್‌ನ ಮೊದಲ ಕೋರ್ಟು ಎಡವಿದ್ದು ಇನ್ನೂ ಸ್ಪಷ್ಟವಾಗುತ್ತದೆ. ಭಂಗಿ ಸಾಮಾನ್ಯ ಎನ್ನುವುದು, ಬೇರೆಯವರೂ ಆ ಭಂಗಿಯಲ್ಲಿ ತಮ್ಮದೇ ಫೋಟೊ ತೆಗೆಯಬಹುದು ಎಂಬುದಕ್ಕೆ ಕಾರಣ. ಈಗಾಗಲೇ ಇರುವ ಫೋಟೊದ ಎಲ್ಲ ಆಯ್ಕೆಗಳನ್ನೂ ಎತ್ತಿಕೊಳ್ಳಬಹುದು ಎಂಬುದಕ್ಕಲ್ಲ.

ಯುವ ಚಿತ್ರಕಾರನ ಬಗ್ಗೆಯೂ ನ್ಯಾಯವಾಗಿ ಮಾತಾಡಬೇಕು. ನಕಲು ಮಾಡುತ್ತ ಕಲಿಯುವುದು ಚಿತ್ರಕಲೆಯಲ್ಲಿ ಹಳೆಯ ಅಭ್ಯಾಸ. ಮ್ಯೂಸಿಯಂಗಳಲ್ಲಿ ಕೂತು ದೊಡ್ಡವರ ಚಿತ್ರಗಳನ್ನು ನೋಡಿ ಬಿಡಿಸಿದವರು ಎಷ್ಟೋ ಜನ. ಫೋಟೊ ನೋಡಿ ಬಿಡಿಸಿದರೆ ಚರ್ಮದ ಬಣ್ಣ, ನೆರಳಿನ ತೂಕ ಕೈಗೆ ಹತ್ತುತ್ತದೆ. ಮನೆಯೊಳಗಿನ ಅಭ್ಯಾಸದ ಹಾಳೆಯಾಗಿದ್ದರೆ ಈ ಪ್ರಕರಣವೇ ಇರುತ್ತಿರಲಿಲ್ಲ. ಇದು ಪ್ರದರ್ಶನಕ್ಕೆ ಹೋಯಿತು, ಬಹುಮಾನ ಪಡೆಯಿತು, ಮೂಲ ಛಾಯಾಗ್ರಾಹಕಿಯ ಒಪ್ಪಿಗೆ ಇಲ್ಲದೆ. ಆ ಹೊತ್ತಿಗೆ ಅಭ್ಯಾಸ ಕೃತಿಯಾಗಿಬಿಟ್ಟಿತ್ತು.

ಪ್ರಕರಣ ನಡೆಯುತ್ತಿರುವಾಗಲೇ ಜಾಂಗ್ ಇದೇ ಪ್ರಶ್ನೆಯನ್ನು ಇನ್ನೂ ದೊಡ್ಡ ರೂಪದಲ್ಲಿ ಎದುರಿಸಲು ಹೊರಟಿದ್ದರು. 2024ರ ಏಪ್ರಿಲ್‌ನಲ್ಲಿ, ಚಿತ್ರ ಸೃಷ್ಟಿಸುವ ಎಐ ತರಬೇತಿಗೆ ಕಲಾವಿದರ ಕೃತಿಗಳನ್ನು ಬಳಸಿದ್ದಾರೆ ಎಂದು ಗೂಗಲ್ ವಿರುದ್ಧ ಅಮೆರಿಕದಲ್ಲಿ ಮೊಕದ್ದಮೆ ಹೂಡಿದವರಲ್ಲಿ ಅವರೂ ಒಬ್ಬರು. ಅವರು ಕಟ್ಟಿದ ‘ಕಾರಾ’ ಎಂಬ ಕಲಾವಿದರ ಆ್ಯಪ್‌ಗೆ ಅದೇ ವರ್ಷ ಜೂನ್ ಹೊತ್ತಿಗೆ, ಒಂದೇ ವಾರದಲ್ಲಿ, ಬಳಕೆದಾರರು 40,000ದಿಂದ 6,50,000ಕ್ಕೆ ಏರಿದರು. ತಮ್ಮ ಚಿತ್ರಗಳನ್ನು ಯಾರು ಯಾವುದಕ್ಕೆ ಬಳಸುತ್ತಾರೋ ಎಂಬ ಭಯ ಒಬ್ಬಿಬ್ಬರದಲ್ಲ.

ಈ ಪ್ರಕರಣದಲ್ಲಿ ನನ್ನ ಮನಸ್ಸಿಗೆ ಪೂರ್ತಿ ಸಮಾಧಾನ ಕೊಡದ ಒಂದು ಅಂಶ ಇದೆ. ಸ್ವಂತಿಕೆ ಆಯ್ಕೆಗಳಲ್ಲಿದೆ ಎಂದಾದರೆ, ಫ್ಯಾಷನ್ ಶೂಟ್‌ನಲ್ಲಿ ಆಯ್ಕೆ ಮಾಡುವವರು ಒಬ್ಬರೇ ಅಲ್ಲ. ಕೂದಲು ಹೀಗೆ ಕಟ್ಟೋಣ ಎಂದವರು ಒಬ್ಬರು. ಈ ಬಟ್ಟೆ ಎಂದವರು ಸ್ಟೈಲಿಸ್ಟ್. ತುಟಿಯ ಬಣ್ಣ ಇನ್ನೊಬ್ಬರದು. ಕತ್ತನ್ನು ಆ ಹದಕ್ಕೆ ತಿರುಗಿಸಿದ್ದು ಮಾಡೆಲ್, ಅದೂ ವರ್ಷಗಳ ಅನುಭವದಿಂದ. ಸರೋನಿಯ ಸ್ಟುಡಿಯೊದಲ್ಲೂ ಕ್ಯಾಮೆರಾ ನಡೆಸುತ್ತಿದ್ದವನು ಅವನ ಕೆಲಸಗಾರ, ಆದರೂ ಕರ್ತೃ ಸರೋನಿ ಎಂದಾಯಿತು. ಏಕೆಂದರೆ ಒಟ್ಟು ಚಿತ್ರ ಹೇಗಿರಬೇಕು ಎಂಬ ಹಿಡಿತ ಅವನ ಕೈಯಲ್ಲಿತ್ತು. ಈ ತರ್ಕ ನನಗೆ ಸರಿ ಕಾಣುತ್ತದೆ, ಆದರೆ ಇದರಿಂದ ಛಾಯಾಗ್ರಾಹಕರ ಮೇಲೆ ಒಂದು ಹೊಣೆ ಬೀಳುತ್ತದೆ. ಫೋಟೊ ತನ್ನದು ಎನ್ನುವವರು, ಹಾಕುವ ಪ್ರತಿ ಕಡೆಯೂ ತಂಡದ ಹೆಸರುಗಳನ್ನು ಹಾಕಬೇಕು. ಪತ್ರಿಕೆಯಲ್ಲಿ ಪುಟದ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಬರುವ ಆ ಸಾಲು ಆನ್‌ಲೈನ್‌ಗೆ ಬಂದಾಗ ಮೊದಲು ಉದುರಿಹೋಗುತ್ತದೆ.

ಆ ಸಾಲು ಇದ್ದರೆ ಇನ್ನೊಂದು ಉಪಯೋಗವೂ ಇದೆ. ಒಂದು ಫೋಟೊದಿಂದ ಪೇಂಟಿಂಗ್ ಮಾಡಬೇಕು ಎನ್ನುವವರಿಗೆ ಯಾರನ್ನು ಕೇಳಬೇಕು ಎಂಬುದು ತಕ್ಷಣ ತಿಳಿಯುತ್ತದೆ. ಕೇಳುವುದೂ ಕಷ್ಟವಲ್ಲ. ಯಾವ ಫೋಟೊ, ಅದರಿಂದ ಏನು ಮಾಡುತ್ತೀರಿ, ಅಭ್ಯಾಸಕ್ಕೋ ಪ್ರದರ್ಶನಕ್ಕೋ ಮಾರಾಟಕ್ಕೋ, ಮೂಲದ ಹೆಸರು ಎಲ್ಲಿ ಹಾಕುತ್ತೀರಿ, ಇಷ್ಟು ಬರೆದರೆ ಸಾಕು. ಕೆಲವರು ಸಂತೋಷದಿಂದ ಒಪ್ಪುತ್ತಾರೆ, ಕೆಲವರು ಶುಲ್ಕ ಕೇಳುತ್ತಾರೆ. ಬೇಡ ಎಂದರೆ, ಅಥವಾ ಉತ್ತರವೇ ಬರದಿದ್ದರೆ, ಒಬ್ಬ ಮಾಡೆಲ್ ಅನ್ನು ಕಿಟಕಿಯ ಪಕ್ಕ ಕೂರಿಸಿ ತಮ್ಮದೇ ರೆಫರೆನ್ಸ್ ಫೋಟೊಗಳನ್ನು ತೆಗೆದುಕೊಂಡು ಅಲ್ಲಿಂದ ಶುರುಮಾಡಬಹುದು.